ಬಾರದವರಿಗೆ ಬರೆದ ಕಾರ್ಡು

ಕುಣಿಗಲ್ ಶಿಬಿರದಲ್ಲಿ ಒಂದು ತಿಂಗಳು ಮಾತ್ರೆ ಸಾಲುತ್ತಿರಲಿಲ್ಲ, ಮರುತಿಂಗಳು ಮಿಕ್ಕಿ ಬೀರುವಿನಲ್ಲೇ ಅವಧಿ ಮುಗಿಸಿಕೊಳ್ಳುತ್ತಿತ್ತು. ಮೂರ್ಛೆ ರೋಗದವರಿಗೆ ಉಚಿತವಾಗಿ ಮಾತ್ರೆ ಕೊಡುತ್ತಿದ್ದ ಆ ಸಣ್ಣ ಟ್ರಸ್ಟಿನವರು ನಮ್ಮ ಮುಂದೆ ಹೇಳಿಕೊಂಡ ತೊಂದರೆ ಇದೊಂದೇ. ನಾನಾಗ ತುಮಕೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ, ಯಾವ ವಾರ ಯಾವ ಬೋಲ್ಟು ಎಷ್ಟು ಬೇಕು ಎಂದು ಮೊದಲೇ ಅಂದಾಜು ಮಾಡಿ ತರಿಸುವ ಕೆಲಸದಲ್ಲಿದ್ದೆ. ಬೋಲ್ಟಾದರೇನು, ಮಾತ್ರೆಯಾದರೇನು, ಅಂದಾಜು ಅಂದಾಜೇ ಎಂದುಕೊಂಡೆ. "ಮೂರು ತಿಂಗಳು ಟೈಮ್ ಕೊಡಿ, ಸರಿ ಮಾಡಿ ಕೊಡ್ತೀನಿ" ಎಂದು ಹೇಳಿಯೂ ಬಿಟ್ಟೆ.

ತೊಂಬತ್ತರ ದಶಕದ ಕೊನೆ ಅದು. ಒಂದೇ ಕಾಲೇಜಿನಲ್ಲಿ ಎಂ.ಬಿ.ಎ. ಓದಿ ತುಮಕೂರಿನ ಸುತ್ತಮುತ್ತ ಕೆಲಸಕ್ಕೆ ಸೇರಿದ್ದ ನಾವು ಎಂಟು ಜನ ವರ್ಷಕ್ಕೊಮ್ಮೆ ಕೂಡುತ್ತಿದ್ದೆವು. ಊಟ ಮಾಡುವುದು, ಮೇಷ್ಟರುಗಳನ್ನು ಅಣಕಿಸುವುದು, ಫೋಟೊ ತೆಗೆಸಿಕೊಂಡು ಹೊರಡುವುದು. ಒಂದು ಸಲ ಯಾರೋ, ಚಂದಾ ಎತ್ತಿ ಕೊಡುವುದನ್ನು ಯಾರು ಬೇಕಾದರೂ ಮಾಡುತ್ತಾರೆ, ನಾವು ಓದಿದ ವಿದ್ಯೆಯನ್ನೇ ಕೊಟ್ಟರೆ ಹೇಗೆ ಎಂದರು. ಇಬ್ಬಿಬ್ಬರಾಗಿ ಒಂದೊಂದು ಸಂಸ್ಥೆಗೆ ಹಂಚಿಕೊಂಡೆವು. ನನ್ನ ಪಾಲಿಗೆ ಈ ಟ್ರಸ್ಟು ಬಂತು, ಜೊತೆಗೆ ಬ್ಯಾಂಕಿನಲ್ಲಿದ್ದ ಒಬ್ಬ ಗೆಳೆಯ. ಅವನ ಮನೆಯಲ್ಲಿ ಕಂಪ್ಯೂಟರ್ ಇತ್ತು. ಆ ಕಾಲಕ್ಕೆ ಅದು ದೊಡ್ಡ ಮಾತು.

ತಿಂಗಳ ಮೊದಲ ಭಾನುವಾರ ಕುಣಿಗಲ್ಲಿನಲ್ಲಿ, ಮೂರನೆಯ ಭಾನುವಾರ ಗುಬ್ಬಿಯಲ್ಲಿ ಶಿಬಿರ. ಎರಡೂ ಕಡೆ ಸರ್ಕಾರಿ ಶಾಲೆಯ ಎರಡು ಕೋಣೆ. ಬೆಂಗಳೂರಿನಿಂದ ನರರೋಗದ ಡಾಕ್ಟರೊಬ್ಬರು ಬರುತ್ತಿದ್ದರು. ಮಿಕ್ಕಿದ್ದೆಲ್ಲ ನರ್ಸಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾಗಿ ಕುಣಿಗಲ್ಲಿನಲ್ಲೇ ಮನೆ ಮಾಡಿಕೊಂಡಿದ್ದವರು. ಕರೆಯುವುದು, ತೂಕ ನೋಡುವುದು, ಡಾಕ್ಟರು ಬರೆದದ್ದನ್ನು ದಪ್ಪ ರಿಜಿಸ್ಟರಿಗೆ ಏರಿಸುವುದು, ಮಾತ್ರೆ ಎಣಿಸಿ ಕಾಗದದ ಪೊಟ್ಟಣ ಕಟ್ಟುವುದು ಎಲ್ಲ ಅವರೇ. ಪೊಟ್ಟಣ ಕೊಡುವಾಗ ಪ್ರತಿಯೊಬ್ಬರಿಗೂ ಅದೇ ಮಾತು.

"ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದ್ ದಿನಾನೂ ತಪ್ಪಂಗಿಲ್ಲ. ವಾಸಿಯಾಯ್ತು ಅಂತ ನೀವೇ ಡಾಕ್ಟ್ರಾಗಿ ಬುಟ್ಬುಡಬ್ಯಾಡಿ."

ಹಾಗೆ ಬಿಟ್ಟುಬಿಟ್ಟವರನ್ನು ನಾನು ಮೊದಲ ತಿಂಗಳೇ ನೋಡಿದೆ. ಒಬ್ಬ ಹೆಂಗಸು ಎರಡು ಶಿಬಿರ ತಪ್ಪಿಸಿದ್ದಳು. ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಗ ಫಿಟ್ಸ್ ಬಂದು, ಮುಂಗೈ ಪೂರಾ ಸುಟ್ಟುಕೊಂಡು ಬಂದಿದ್ದಳು. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚುವಾಗ ಅವಳು ಕೂಗಲಿಲ್ಲ, ನಾನೇ ಹೊರಗೆ ಎದ್ದು ಹೋದೆ. ಅವತ್ತಿನಿಂದ ನನಗೆ ಮಾತ್ರೆ ಮಿಕ್ಕುವುದು ಬರಿಯ ಅಂದಾಜಿನ ತಪ್ಪಾಗಿ ಕಾಣಲಿಲ್ಲ. ಮಿಕ್ಕ ಪೊಟ್ಟಣ ಎಂದರೆ ಎಲ್ಲೋ ಒಬ್ಬರು ಮಾತ್ರೆಯಿಲ್ಲದೆ ಒಲೆಯ ಮುಂದೆ ಕೂತಿದ್ದಾರೆ ಎಂದು ಅರ್ಥ.

ರೋಗ ಗೊತ್ತಾಯಿತು, ಮದ್ದು ಸುಲಭ ಅನ್ನಿಸಿತು. ಬರದವರನ್ನು ಬರುವಂತೆ ಮಾಡಬೇಕು. ಬಂದರೆ ಅಂದಾಜು ತಾನಾಗಿ ಸರಿಹೋಗುತ್ತದೆ.

ನಾಲ್ಕು ಭಾನುವಾರ ಕೂತು ನಾನೂ ಬ್ಯಾಂಕಿನ ಗೆಳೆಯನೂ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಿದೆವು. ನಾನು ಓದುವುದು, ಅವನು ಒತ್ತುವುದು. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ವಯಸ್ಸು, ಮಾತ್ರೆ, ಕೊನೆಗೆ ಬಂದ ದಿನ. ನರ್ಸಮ್ಮನ ಅಕ್ಷರ ಇರುವೆ ಸಾಲಿನಂತೆ ಇತ್ತು. ಕೆಲವು ಹೆಸರುಗಳ ಹಿಂದೆ ಕೆಂಪು ಶಾಯಿಯ ಒಂದು ಸಣ್ಣ ಸೊನ್ನೆ ಬೇರೆ. ಕುಣಿಗಲ್ಲಿಗೆ ಹೋದಾಗ ಕೇಳಿದೆ.

"ನರ್ಸಮ್ಮ, ಈ ಕೆಂಪು ಸೊನ್ನೆ ಏನು?"

ಅವರು ಮಾತ್ರೆ ಎಣಿಸುತ್ತಿದ್ದರು. "ಅದು ನನ್ ಗುರುತು ಕಣವ್ವ. ಬುಡು" ಎಂದರು.

ಬಿಟ್ಟೆ. ಎಣಿಸುವಾಗ ಮಾತಾಡಿಸಿದರೆ ಅವರಿಗೆ ಸಿಟ್ಟು ಬರುತ್ತಿತ್ತು, ಮತ್ತೆ ಕೇಳುವ ವ್ಯವಧಾನ ನನಗೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಸೊನ್ನೆಗೆ ಯಾವ ಕಾಲಂ ಮಾಡಲಿ ಎಂದು ಗೆಳೆಯ ಕೇಳಿದ್ದಕ್ಕೆ, ಮಾಡಬೇಡ ಎಂದವಳು ನಾನೇ.

ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಅಂಚೆ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿದೆವು. ಒಕ್ಕಣೆ ನನ್ನದು. ಎರಡು ಸಲ ತಿದ್ದಿ ಬರೆದಿದ್ದೆ. ಮೇಲೆ ದಪ್ಪ ಅಕ್ಷರದಲ್ಲಿ 'ಮೂರ್ಛೆ ರೋಗ (ಫಿಟ್ಸ್) ಉಚಿತ ಚಿಕಿತ್ಸಾ ಶಿಬಿರ'. ಕೆಳಗೆ, 'ತಾವು ಇತ್ತೀಚೆಗೆ ಶಿಬಿರಕ್ಕೆ ಬಂದು ಮಾತ್ರೆ ಪಡೆದಿರುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಮರಳಿ ಬರುವ ಅಪಾಯವಿರುತ್ತದೆ. ತಪ್ಪದೆ ಬನ್ನಿ.' ಸ್ಪಷ್ಟವಾಗಿರಬೇಕು, ಚಿಕ್ಕದಾಗಿರಬೇಕು, ಓದಿದ ತಕ್ಷಣ ಎದ್ದು ಬರುವಂತಿರಬೇಕು ಎಂದು ನಮಗೆ ಪಾಠ ಮಾಡಿದ್ದರು. ಓದುವವರು ಯಾರು ಎಂದು ಯಾರೂ ಪಾಠ ಮಾಡಿರಲಿಲ್ಲ. ನಾನೂ ಹಳ್ಳಿಯ ಅಜ್ಜಿಮನೆಯಲ್ಲಿ ಬೆಳೆದವಳೇ. ಅಂಚೆಯವನು ಜಗಲಿಯ ಮೇಲೆ ಕೂತು, ಕಾರ್ಡನ್ನು ಎಲ್ಲರೂ ಕೇಳುವಂತೆ ಓದಿ ಹೇಳಿ, ನೀರು ಕುಡಿದು ಹೋಗುವುದನ್ನು ನೂರು ಸಲ ನೋಡಿದ್ದೇನೆ. ಅದು ಆಗ ನೆನಪಿಗೆ ಬರಲಿಲ್ಲ ಎಂದರೆ ಈಗ ನನಗೇ ನಂಬಿಕೆಯಾಗುವುದಿಲ್ಲ.

ಕಾರ್ಡು ಹಾಕುವ ವಾರ ನರ್ಸಮ್ಮ ಊರಿನಲ್ಲಿರಲಿಲ್ಲ. ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದರು. ಹೋಗುವ ಮುಂಚೆ ಕಾರ್ಡಿನ ವಿಷಯ ಹೇಳಿದ್ದೆ. "ನಾನ್ ಬಂದ್ಮೇಲೆ ನೋಡಾನ ಇರವ್ವ" ಎಂದಿದ್ದರು. ನನಗೆ ಕಾಯುವುದು ಎಂದರೆ ಆಗದು. ಕಂಪ್ಯೂಟರು ತೆಗೆದುಕೊಟ್ಟ ಪಟ್ಟಿ ಹಿಡಿದು, ಪ್ರತಿ ಕಾರ್ಡಿನ ಮೇಲೂ ಹೆಸರು, ಊರು ನನ್ನ ಕೈಯಾರೆ ಬರೆದು, ಅಂಚೆ ಡಬ್ಬಿಗೆ ಹಾಕಿ ಬಂದೆ.

ಮುಂದಿನ ಶಿಬಿರಕ್ಕೆ ಜನ ಜಾತ್ರೆಯಂತೆ ಬಂದರು. ಶಾಲೆಯ ಅಂಗಳದಲ್ಲಿ ಸಾಲು ಹಿಡಿಯಲು ಇಟ್ಟ ಚಪ್ಪಲಿ, ಚೀಲ, ಕಲ್ಲುಗಳು ಬಾವುಟದ ಕಂಬದವರೆಗೂ ಹೋಗಿದ್ದವು. ಒಂದು ವರ್ಷದಿಂದ ಮುಖ ತೋರಿಸದವರೂ ಕಾರ್ಡು ಹಿಡಿದು ಬಂದಿದ್ದರು. ಡಾಕ್ಟರು ನನ್ನ ಕಡೆ ನೋಡಿ "ಪರವಾಗಿಲ್ವೇ!" ಎಂದರು. ಗೆಳೆಯನಂತೂ ಮಧ್ಯಾಹ್ನ ತಟ್ಟೆ ಇಡ್ಲಿ ಕೊಡಿಸುವುದಾಗಿ ಘೋಷಿಸಿಬಿಟ್ಟ. ನಾನು ನೆಲದಿಂದ ಒಂದು ಗೇಣು ಮೇಲೆ ಓಡಾಡುತ್ತಿದ್ದೆ.

ಹನ್ನೊಂದರ ಹೊತ್ತಿಗೆ ಸುಮಾರು ಐವತ್ತರ ಒಬ್ಬ ಹೆಂಗಸು ಸಾಲು ಬಿಟ್ಟು ನೇರ ಒಳಗೆ ಬಂದರು. "ಅಮ್ಮಾ, ಸಾಲಲ್ಲಿ ಬನ್ನಿ" ಎಂದೆ. ಅವರು ನನ್ನನ್ನು ನೋಡಲೇ ಇಲ್ಲ. ಹಿಂದಿನ ದಿನವಷ್ಟೇ ಮೈಸೂರಿನಿಂದ ಬಂದಿದ್ದ ನರ್ಸಮ್ಮನ ಮುಂದೆ ನಿಂತು, ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯಾಗಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟರು.

"ಯಾಕ್ ನರ್ಸಮ್ಮಾರೇ ಹಿಂಗ್ ಮಾಡಿದ್ರಿ?" ಅಂದರು. ಅಷ್ಟೇ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ನರ್ಸಮ್ಮ ಕಾರ್ಡು ಬಿಡಿಸಿ ನೋಡಿದರು. ಹೆಸರು ಓದಿದರು. ಬೀರುವಿನಿಂದ ಒಂದು ಪೊಟ್ಟಣ ತೆಗೆದು ಆ ಹೆಂಗಸಿನ ಕೈಗಿಟ್ಟು "ಮೊದ್ಲು ಇದು. ಹೋದ ತಕ್ಷಣ ಮಗ್ಳಿಗೆ ನುಂಗ್ಸು. ಮಿಕ್ಕಿದ್ದು ಆಮ್ಯಾಕೆ" ಎಂದರು. ಆಮೇಲೆ ಒಂದೊಂದಾಗಿ ವಿಷಯ ಹೊರಬಂತು.

ಇವರು ಹೆಬ್ಬೂರಿನವರು. ಮಗಳನ್ನು ಯಡಿಯೂರಿನ ಹತ್ತಿರದ ಹಳ್ಳಿಗೆ ಕೊಟ್ಟು ಎರಡು ವರ್ಷವಾಗಿತ್ತು. ಹುಡುಗಿಗೆ ಹದಿನಾಲ್ಕರಲ್ಲಿ ಫಿಟ್ಸ್ ಶುರುವಾಗಿ, ಮಾತ್ರೆಯ ಮೇಲೆ ಒಂದೇ ಒಂದು ಸಲವೂ ಬರದೆ ಮೂರು ವರ್ಷ ಕಳೆದಿತ್ತು. ಗಂಡಿನ ಮನೆಯವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಮದುವೆಯೇ ಆಗುತ್ತಿರಲಿಲ್ಲ ಎಂದು ಆ ತಾಯಿ ನಂಬಿದ್ದರು. ತಿಂಗಳಿಗೊಮ್ಮೆ ತವರಿಗೆ ಹೋಗುತ್ತೇನೆಂದು ಹೊರಟ ಮಗಳು ಕುಣಿಗಲ್ಲಿನಲ್ಲಿ ಇಳಿದು ಮಾತ್ರೆ ತೆಗೆದುಕೊಂಡು ಹೆಬ್ಬೂರಿನ ಬಸ್ಸು ಹತ್ತುತ್ತಿದ್ದಳು. ಈಗ ಅವಳಿಗೆ ಐದು ತಿಂಗಳು. ಬಸುರಿ ಬಸ್ಸು ಹತ್ತುವುದು ಬೇಡ ಎಂದು ಅತ್ತೆ ತಡೆದಿದ್ದರು. ಹಾಗಾಗಿ ತಾಯಿಯೇ ನರ್ಸಮ್ಮನ ಮನೆಗೆ ಬಂದು ಮಾತ್ರೆ ಇಸಿದುಕೊಂಡು, ಹಣ್ಣು ಹೂವಿನ ಜೊತೆ ಮಗಳಿಗೆ ಮುಟ್ಟಿಸುತ್ತಿದ್ದರು. ಡಾಕ್ಟರಿಗೂ ಗೊತ್ತಿತ್ತು. ಶಿಬಿರದ ರಿಜಿಸ್ಟರಿನಲ್ಲಿ ಮಾತ್ರ ಎರಡು ತಿಂಗಳಿಂದ ಆ ಹುಡುಗಿ 'ಬಂದಿಲ್ಲ'.

ಒಂದು ಹೊತ್ತೂ ಮಾತ್ರೆ ತಪ್ಪಿಸದಿದ್ದ ಹುಡುಗಿಗೆ, ಮಾತ್ರೆ ತಪ್ಪಿಸಿದ್ದೀಯ ಎಂದು ನಾನು ಕಾರ್ಡು ಬರೆದಿದ್ದೆ.

ಅಂಚೆಯವನು ಎಂದಿನಂತೆ ಜಗಲಿಯ ಮೇಲೆ ಓದಿದ. ಅತ್ತೆ ಓದು ಬಲ್ಲವರಲ್ಲ. ಅಕ್ಕಪಕ್ಕದ ನಾಲ್ಕು ಹೆಂಗಸರು ಅವರೆಕಾಯಿ ಸುಲಿಯುತ್ತ ಅಲ್ಲೇ ಕೂತಿದ್ದರು. ಅತ್ತೆ ಒಳಗೆ ಹೋಗಿ ಸೊಸೆಯ ಟ್ರಂಕು ಕೊಡವಿ, ಸಿಕ್ಕ ಮಾತ್ರೆಯನ್ನೆಲ್ಲ ತಿಪ್ಪೆಗೆ ಎಸೆದರು. ಸಂಜೆಯ ಬಸ್ಸಿಗೆ ಸೊಸೆಯನ್ನು ತವರಿಗೆ ಕಳಿಸಿದರು. ಹೆಬ್ಬೂರಿಗೆ ಬಂದ ಮೂರನೆಯ ದಿನ, ಹಿತ್ತಲಲ್ಲಿ ನೀರು ಹೊಯ್ದುಕೊಳ್ಳುವಾಗ ಫಿಟ್ಸ್ ಬಂತು. ಮೂರು ವರ್ಷದ ಮೇಲೆ.

"ಮಗಾ?" ಎಂದರು ನರ್ಸಮ್ಮ.

"ಅಲ್ಲಾಡ್ತೈತಂತೆ ಕಣವ್ವ. ಪಕ್ಕಕ್ಕೆ ಬಿದ್ದವ್ಳೆ, ಹೊಟ್ಟೆಗೆ ಏಟಾಗಿಲ್ಲ."

ನರ್ಸಮ್ಮ ನನ್ನನ್ನು ಬೈಯಲಿಲ್ಲ. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, ಆ ಹುಡುಗಿಯ ಹೆಸರಿನ ಹಿಂದಿದ್ದ ಕೆಂಪು ಸೊನ್ನೆಯ ಮೇಲೆ ಬೆರಳಿಟ್ಟರು. "ಮನೇಲಿ ಗೊತ್ತಿಲ್ಲ ಅಂತ ಇದರರ್ಥ. ನಾನೇ ಬಾಯ್ಬುಟ್ಟು ಹೇಳ್ಬೇಕಾಗಿತ್ತು. ನಂದೂ ತಪ್ಪೇ." ಆ ಕೊನೆಯ ಮಾತು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಬೈದಿದ್ದರೆ ಎದುರಾಡಿಯಾದರೂ ಹಗುರಾಗುತ್ತಿದ್ದೆ. ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಹೋಗಿ, ಮುಖ ತೊಳೆಯುವ ನೆಪದಲ್ಲಿ ಅತ್ತು ಬಂದೆ.

ಶಿಬಿರ ಮುಗಿಯುವಷ್ಟರಲ್ಲಿ ಕೆಂಪು ಸೊನ್ನೆಯ ಹೆಸರುಗಳಲ್ಲಿ ಎಷ್ಟಕ್ಕೆ ಕಾರ್ಡು ಹೋಗಿದೆ ಎಂದು ನೋಡಿದೆವು. ಆರು. ಐದು ಮನೆಗಳಲ್ಲಿ ದೇವರು ದೊಡ್ಡವನು. ಒಂದು ಕಾರ್ಡು ಸಂಬಂಧಪಟ್ಟವರ ಕೈಗೇ ಸಿಕ್ಕಿತ್ತು, ಇನ್ನೊಂದು ತಲುಪಿರಲೇ ಇಲ್ಲ, ಮಿಕ್ಕವನ್ನು ನರ್ಸಮ್ಮ ಹೇಗೋ ಜನ ಕಳಿಸಿ, ಇನ್ನೂ ಹಂಚದೆ ಇಟ್ಟುಕೊಂಡಿದ್ದ ಅಂಚೆಯವರಿಂದಲೇ ವಾಪಸು ಇಸಿದುಕೊಂಡರು. ಉಳಿದದ್ದು ಈ ಹುಡುಗಿ.

ಬ್ಯಾಂಕಿನ ಗೆಳೆಯ ಒಂದು ದಾರಿ ಹೇಳಿದ. ಟ್ರಸ್ಟಿನ ಮೊಹರು ಹಾಕಿ ಒಂದು ಪತ್ರ ಬರೆಯೋಣ. ಕಂಪ್ಯೂಟರಿನ ತಪ್ಪಿನಿಂದ ಬೇರೆ ಯಾರದೋ ಕಾರ್ಡು ನಿಮ್ಮ ವಿಳಾಸಕ್ಕೆ ಬಂದಿದೆ, ಕ್ಷಮಿಸಿ ಎಂದು. ಕಂಪ್ಯೂಟರು ತಪ್ಪು ಮಾಡಿತು ಎಂದರೆ ಆಗ ಎಲ್ಲರೂ ನಂಬುತ್ತಿದ್ದರು. ನಾನು ಮುಳುಗುವವಳು ಹುಲ್ಲುಕಡ್ಡಿ ಹಿಡಿದ ಹಾಗೆ ಅದನ್ನು ಹಿಡಿದೆ. ಅಲ್ಲೇ ಕರಡು ಬರೆದೆ. ಹೆಬ್ಬೂರಿನ ತಾಯಿಯೂ "ಹಂಗೇ ಮಾಡಿ ತಾಯಿ, ನಿಮ್ ಕೈ ಮುಗೀತೀನಿ" ಎಂದರು.

ನರ್ಸಮ್ಮ ಕರಡನ್ನು ಓದಿ ಮಡಿಸಿಟ್ಟರು. "ಸುಳ್ಳು ಹೇಳಿದ್ರೆ ಮಾತ್ರೆ ಇನ್ನೂ ಬಚ್ಚಿಟ್ಕಂಡೇ ನುಂಗ್ಬೇಕು. ಹೆರಿಗೆ ಟೈಮಲ್ಲಿ ಬಚ್ಚಿಡಕ್ಕಾಯ್ತದಾ? ಅದಿರ್ಲಿ, ನೀನು ಬರೆದೆ, ಇವ್ರು ಹೂಂ ಅಂದ್ರು. ಆ ಹುಡ್ಗೀನ ಯಾರಾದ್ರೂ ಕೇಳಿದ್ರಾ?"

ಇಲ್ಲ. ಕಾರ್ಡು ಹಾಕುವಾಗಲೂ ಕೇಳಿರಲಿಲ್ಲ, ಈಗಲೂ ಕೇಳುತ್ತಿರಲಿಲ್ಲ. ಕರಡನ್ನು ಹರಿದುಹಾಕಿದೆ. ಮೂರೆಂದು ಹೇಳಿ ಆರಕ್ಕೆ ಎಳೆದಿದ್ದ ಆ ತಿಂಗಳುಗಳಲ್ಲಿ ನಾನು ಮಾಡಿದ ಸರಿಯಾದ ಕೆಲಸ ಬಹುಶಃ ಅದೊಂದೇ.

ಮಾರನೆಯ ದಿನ ಕಾರ್ಖಾನೆಗೆ ರಜೆ ಹಾಕಿ, ನರ್ಸಮ್ಮನನ್ನು ಕರೆದುಕೊಂಡು ಹೆಬ್ಬೂರಿಗೆ ಹೋದೆ. ಹುಡುಗಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೆರಡಿರಬಹುದು. ಹುಬ್ಬಿನ ಮೇಲೆ ಬಿದ್ದ ಗಾಯ ಇನ್ನೂ ಹಸಿಯಾಗಿತ್ತು. ನಾನು ಇಂಥವಳು ಎಂದು ನರ್ಸಮ್ಮ ಹೇಳಿದಾಗ ತಲೆ ಎತ್ತಿದಳು.

"ಆ ಕಾರ್ಡ್ ಬರೆದವ್ರು ನೀವಾ?"

"ಹೌದು. ನಂದೇ ತಪ್ಪು."

"ಅಕ್ಷರ ದುಂಡಗಿತ್ತು" ಎಂದಳು. "ನನ್ ಹೆಸರಿಗೆ ಯಾವತ್ತೂ ಕಾರ್ಡ್ ಬಂದಿರ್ಲಿಲ್ಲ ಅಕ್ಕ. ಅಂಚೆಯವ್ರು ನನ್ ಹೆಸ್ರು ಕೂಗ್ದಾಗ ಖುಷಿಯಾಗಿ ಓಡ್ಬಂದೆ."

ಇವತ್ತಿಗೂ ಯಾರದಾದರೂ ವಿಳಾಸ ಬರೆಯುವಾಗ ಆ ಮಾತು ನೆನಪಾಗುತ್ತದೆ.

ನರ್ಸಮ್ಮ ಎರಡೂ ದಾರಿಗಳನ್ನು ಅವಳ ಮುಂದಿಟ್ಟರು. ತಪ್ಪು ಕಾರ್ಡು ಎಂದು ಬರೆದು ಕೊಡಬಹುದು. ಇಲ್ಲವೇ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು. ತಾಯಿ ನಡುವೆ ಬಾಯಿ ಹಾಕಲು ಬಂದರು, ನರ್ಸಮ್ಮ ಕೈ ಎತ್ತಿ ತಡೆದರು.

"ಎರಡು ವರ್ಷ ಮಾತ್ರೆ ನುಂಗಕ್ಕೆ ದನದ ಕೊಟ್ಟಿಗೆಗೆ ಹೋಗಿದೀನಿ" ಎಂದಳು ಹುಡುಗಿ. "ನೀರಿಲ್ದೆ ನುಂಗಿ ನುಂಗಿ ಅಭ್ಯಾಸ ಆಗೋಗೈತೆ. ಇನ್ನು ಸಾಕು. ನಾನೇ ಹೇಳ್ತೀನಿ. ನೀವಿಬ್ರೂ ಬಂದು ಪಕ್ಕದಲ್ಲಿ ಕೂತ್ಕಳಿ, ಧೈರ್ಯಕ್ಕೆ. ಆದ್ರೆ ಅಕ್ಕ, ನೀವು ಬಾಯಿ ಮಾತ್ರ ತೆಗೀಬೇಡಿ."

ಕಾರ್ಖಾನೆಯಲ್ಲಿ ಯಾರಾದರೂ ಹಾಗೆ ಅಂದಿದ್ದರೆ ನಾನು ಸುಮ್ಮನಿರುತ್ತಿದ್ದವಳಲ್ಲ. ಅಲ್ಲಿ ಆಗಲಿ ಎಂದು ತಲೆಯಾಡಿಸಿದೆ.

ಡಾಕ್ಟರಿಗೆ ಫೋನು ಮಾಡಿ ಕೇಳಿದ್ದಾಯಿತು. ಮಾತ್ರೆ ಮುಂದುವರಿಸಿ, ಬಿಡುವುದೇ ಹೆಚ್ಚು ಅಪಾಯ, ಮುಂದಿನ ಶಿಬಿರಕ್ಕೆ ಕರೆತನ್ನಿ, ಹೆರಿಗೆ ಮಾತ್ರ ಆಸ್ಪತ್ರೆಯಲ್ಲೇ ಆಗಲಿ ಎಂದರು. ಎರಡು ದಿನ ಬಿಟ್ಟು ನಾವು ಮೂವರೂ ಯಡಿಯೂರಿನ ಬಸ್ಸು ಹತ್ತಿದೆವು. ಇಳಿದು ಒಂದು ಮೈಲಿ ನಡಿಗೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎತ್ತರದ ಆಳು, ಹಣೆಯ ತುಂಬ ವಿಭೂತಿ. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಜಗಲಿಯ ಮೇಲೆ ಕೂತೆವು. ಹುಡುಗಿಯ ಗಂಡ ಕಂಬದ ಹಿಂದೆ ನೆಲ ನೋಡುತ್ತ ನಿಂತಿದ್ದ. ಹುಡುಗಿ ಮಾತ್ರ ನೆಟ್ಟಗೆ ಕೂತು ಹೇಳಿದಳು. ಯಾವಾಗ ಶುರುವಾಯಿತು, ಬಂದಾಗ ಏನಾಗುತ್ತದೆ, ಮಾತ್ರೆ ತೆಗೆದುಕೊಂಡರೆ ಏನೂ ಆಗುವುದಿಲ್ಲ, ಇದು ಅಂಟುವ ರೋಗವಲ್ಲ, ಗಾಳಿ ದೆವ್ವ ಅಲ್ಲ. ನರ್ಸಮ್ಮ ಪೊಟ್ಟಣ ಕೊಡುವಾಗ ಹೇಳುತ್ತಿದ್ದ ಮಾತುಗಳೇ. ಕೊನೆಗೆ "ನಿಮ್ಮತ್ರ ಮುಚ್ಚಿಟ್ಟಿದ್ದು ತಪ್ಪಾಯ್ತು ಅತ್ತೆ" ಎಂದಳು.

"ನೀನು ಮುಚ್ಚಿಟ್ಟೆ, ನಿಮ್ಮವ್ವ ಮುಚ್ಚಿಟ್ಲು. ಹೆಣ್ ಹೆತ್ತವ್ಳು, ಹೆದರ್ಕಂಡವ್ಳೆ ಅನ್ನಾನ" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದರು. "ಇವ್ಳ್ಯಾರು?"

ಬಾಯಿ ತೆಗೆಯಬಾರದು ಎಂಬ ಕರಾರು ಅಲ್ಲಿಗೆ ಮುಗಿಯಿತು. ಕಾರ್ಡು ಬರೆದವಳು ನಾನು ಎಂದೆ.

"ನನ್ ಮನೆ ಸೊಸೆ ಕಾಯಿಲೆ ನಂಗಿಂತ ಮೊದ್ಲು ಊರಿಗೆ ಗೊತ್ತಾಯ್ತಲ್ಲಮ್ಮ. ಆ ಕಡೆ ಮನೆಯವ್ಳು ಕಾಯಿ ಸುಲೀತಾ ಸುಲೀತಾ 'ಅಯ್ಯೋ, ನಿಂಗೆ ಗೊತ್ತೇ ಇರ್ಲಿಲ್ವಾ?' ಅಂದ್ಲು. ಅವ್ಳ ಮುಂದೆ ನಾನು ಏನಂತ ತಲೆ ಎತ್ಲಿ? ಇಷ್ಟು ಓದಿದೀಯ. ಒಂದು ಮಾತು ಮನೆ ಹೊಸ್ಲು ದಾಟಿ ಹೇಳ್ಬೇಕಾ, ಬೀದೀಲಿ ನಿಂತು ಕೂಗ್ಬೇಕಾ, ಅದನ್ನ ಹೇಳ್ಕೊಡಲ್ವಾ ನಿಮ್ ಇಸ್ಕೂಲಲ್ಲಿ?"

"ಇಲ್ಲಮ್ಮ" ಎಂದೆ. "ಹೇಳಿಕೊಡಲಿಲ್ಲ."

ಅವರು ನಿರೀಕ್ಷಿಸಿದ್ದ ಉತ್ತರ ಅದಾಗಿರಲಿಲ್ಲವೇನೋ, ಅರೆಗಳಿಗೆ ನನ್ನನ್ನೇ ನೋಡಿದರು. ಆಮೇಲೆ "ಆಯ್ತಲ್ಲ ಮಾತು. ಬಸ್ಸು ಹೋಯ್ತದೆ, ಹೊರಡಿ" ಎಂದು ಎದ್ದರು. ಸೊಸೆಯನ್ನು ಇರು ಎನ್ನಲಿಲ್ಲ. ನಾವು ಅಂಗಳ ದಾಟುವಾಗ ಮಾತ್ರ ಹಿಂದಿನಿಂದ ಕೇಳಿದರು, "ಆ ಮಾತ್ರೆ ನುಂಗಿದ್ರೆ ಮಗೀಗೇನೂ ಆಗಲ್ವಾ?"

"ಬುಟ್ರೆ ಆಯ್ತದೆ" ಎಂದರು ನರ್ಸಮ್ಮ, ತಿರುಗಿ ನೋಡದೆ.

ಬಸ್ಸಿನಲ್ಲಿ ಹುಡುಗಿ ಕುಣಿಗಲ್ ಬರುವವರೆಗೂ ನರ್ಸಮ್ಮನ ಭುಜಕ್ಕೆ ತಲೆ ಇಟ್ಟು ಕಣ್ಣು ಮುಚ್ಚಿದ್ದಳು. ನಾನು ಹಿಂದಿನ ಸೀಟಿನಲ್ಲಿದ್ದೆ. ಒಂದು ಸಂಸಾರ ಮುರಿದೆನಲ್ಲ ಎಂಬುದೊಂದೇ ತಲೆಯಲ್ಲಿ.

ಗುಂಪು ಬಿಟ್ಟುಬಿಡುತ್ತೇನೆ ಎಂದು ಗೆಳೆಯನಿಗೆ ಹೇಳಿದೆ. ಅವನು ಸಮಾಧಾನ ಮಾಡಿದ. ನರ್ಸಮ್ಮ ಸಮಾಧಾನ ಗಿಮಾಧಾನ ಮಾಡುವವರಲ್ಲ. "ಕೆಡಿಸಿದವ್ಳು ಓಡೋದ್ರೆ ಯಾರವ್ವ ಸರಿ ಮಾಡೋರು? ಭಾನುವಾರ ಗುಬ್ಬಿಗೆ ಬಾ" ಎಂದರು.

ಗುಬ್ಬಿಯಲ್ಲಿ ನಾವು ಮಾತ್ರೆಯ ಅಂದಾಜು, ಪಟ್ಟಿ ಎಲ್ಲ ಪಕ್ಕಕ್ಕಿಟ್ಟು, ಬಂದ ಒಬ್ಬೊಬ್ಬರನ್ನೂ ಒಳಗೆ ಕೂರಿಸಿಕೊಂಡು ಬಾಗಿಲು ಮುಂದೆ ಮಾಡಿ ಒಂದೇ ಪ್ರಶ್ನೆ ಕೇಳಿದೆವು. ನೀವು ಒಂದು ತಿಂಗಳು ಬರದಿದ್ದರೆ ನಿಮಗೆ ಹೇಗೆ ತಿಳಿಸೋಣ? ಕಾರ್ಡು ಹಾಕಿ, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು ಎಂದವರು ಬೇಕಾದಷ್ಟು ಜನ. ಒಬ್ಬ ಮುದುಕ ಸಂತೆಯಲ್ಲಿ ಎಲೆ ಮಾರುವವನ ಹತ್ತಿರ 'ಪೊಟ್ಟಣ ಬಂದೈತೆ' ಎಂದಷ್ಟೇ ಹೇಳಿ ಎಂದ. ಒಬ್ಬ ಮೇಷ್ಟರು ಶಾಲೆಯ ವಿಳಾಸಕ್ಕೆ, ಅಂಟು ಹಾಕಿದ ಕವರಿನಲ್ಲಿ ಎಂದರು. ಮದುವೆಯ ವಯಸ್ಸಿಗೆ ಬಂದ ಒಬ್ಬಳು ಹುಡುಗಿ ಬಹಳ ಹೊತ್ತು ಯೋಚಿಸಿ, "ಏನೂ ತಿಳಿಸ್ಬೇಡಿ ಮೇಡಮ್, ಏನೇ ಆದ್ರೂ ನಾನೇ ಬರ್ತೀನಿ" ಎಂದಳು. ಅವಳ ಉತ್ತರವನ್ನೂ ಹಾಗೆಯೇ ಬರೆದುಕೊಂಡೆ. ಒಬ್ಬೊಬ್ಬರಿಗೂ ಹತ್ತು ನಿಮಿಷ ಹಿಡಿಯಿತು. ಸಂಜೆಯಾಯಿತು. ಇಷ್ಟು ನಿಧಾನದ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಗೆಳೆಯ ಕಂಪ್ಯೂಟರಿನಲ್ಲಿ ಅದಕ್ಕೊಂದು ಕಾಲಂ ಮಾಡಿದ, ಅಚ್ಚು ಹಾಕಿಸಿ ಮಿಕ್ಕಿದ್ದ ಕಾರ್ಡುಗಳನ್ನು ನಾನು ನೀರೊಲೆಗೆ ಹಾಕಿದೆ.

ಕುಣಿಗಲ್ಲಿನ ಮುಂದಿನ ಶಿಬಿರಕ್ಕೆ ಹೋಗುವಾಗ ನನ್ನ ಕಣ್ಣು ಹೆಬ್ಬೂರಿನ ತಾಯಿ ಮಗಳನ್ನೇ ಹುಡುಕುತ್ತಿತ್ತು. ಹತ್ತಾಯಿತು, ಹನ್ನೊಂದಾಯಿತು. ಬರಲಿಲ್ಲ. ನಿಮ್ಮ ಮನೆಗೆ ಬಂದಿದ್ದರಾ ಎಂದು ನರ್ಸಮ್ಮನನ್ನು ಕೇಳಿದೆ. ಇಲ್ಲ ಎಂದರು. ಊಟದ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಎತ್ತರದ ಆಳು, ಹಣೆಯ ತುಂಬ ವಿಭೂತಿ. ಹಿಂದೆ, ಅವರ ಸೆರಗಿನ ಮರೆಯಲ್ಲಿ ಆ ಹುಡುಗಿ.

"ನೆನ್ನೆ ಹೆಬ್ಬೂರಿಗೋಗಿ ಕರ್ಕಂಡ್ ಬಂದೆ" ಎಂದರು ಅತ್ತೆ, ಯಾರೂ ಕೇಳದೆ. "ಡಾಕ್ಟ್ರು ನೋಡ್ಬೇಕು ಅಂದಿದ್ರಂತಲ್ಲ. ನೋಡ್ಲಿ."

ಡಾಕ್ಟರು ಬಹಳ ಹೊತ್ತು ನೋಡಿದರು. ಅತ್ತೆ ಪಕ್ಕದಲ್ಲೇ ನಿಂತು, ಯಾವ ಮಾತ್ರೆ ಯಾವಾಗ, ಊಟಕ್ಕೆ ಮುಂಚೆಯೋ ಆಮೇಲೋ, ಬಿಸಿನೀರಲ್ಲೋ ತಣ್ಣೀರಲ್ಲೋ ಎಂದು ಕೇಳಿ ಕೇಳಿ ಅವರ ತಾಳ್ಮೆ ಪರೀಕ್ಷಿಸಿದರು. ಆಮೇಲೆ ನರ್ಸಮ್ಮನ ಮೇಜಿನ ಹತ್ತಿರ ಬಂದು, ನನ್ನನ್ನು ಕಂಡು ನಿಂತರು.

"ಕಾರ್ಡ್ ಬರೆಯೋಳು ನೀನಲ್ವಾ? ಒಂದು ಕಾರ್ಡ್ ಬರಿ."

ನಾನು ತಬ್ಬಿಬ್ಬಾದೆ. ಇನ್ನು ಮೇಲೆ ಯಾರಿಗೂ ಹಾಗೆ ಕಾರ್ಡು ಹಾಕುವುದಿಲ್ಲ ಎಂದೆ.

"ಬೇರೆಯವ್ರಿಗೆ ಹಾಕ್ಬ್ಯಾಡ. ನಂಗೆ ಹಾಕು. ನನ್ ಹೆಸ್ರು ಬರ್ಕೊ." ಹೆಸರು ಹೇಳಿದರು. "ಫಿಟ್ಸ್ ನಂಗೆ ಅಂತ ಊರಿಗೆಲ್ಲ ಹೇಳಿದೀನಿ. ನಂಗೆ ನಡೆದು ಬರಕ್ಕಾಗ್ದೆ ಸೊಸೇನ ಕಳಿಸ್ತಿದ್ದೆ, ಅವ್ಳು ತನ್ ಹೆಸ್ರೇ ಬರೆಸ್ಬುಟ್ಟವ್ಳೆ ಅಂದಿದೀನಿ. ಆ ಕಡೆ ಮನೆಯವ್ಳು ಪೂರಾ ನಂಬಿಲ್ಲ. ಈ ತಿಂಗ್ಳು ನನ್ನೆಸ್ರಿಗೇ ಕಾರ್ಡ್ ಬಂದ್ರೆ ನಂಬ್ತಾಳೆ."

ಸುಳ್ಳು ಬೇಡ ಎಂದಿದ್ದ ನರ್ಸಮ್ಮನ ಮುಖ ನೋಡಿದೆ. ಅವರು ಮಾತ್ರೆ ಎಣಿಸುವುದರಲ್ಲಿ ಮುಳುಗಿದವರಂತೆ ತಲೆ ತಗ್ಗಿಸಿದ್ದರು. ಎಣಿಸುತ್ತಿರಲಿಲ್ಲ.

"ಅಮ್ಮ, ಊರವರು ನಿಮಗೆ ಏನಾದರೂ ಅಂದರೆ?" ಎಂದೆ.

"ಅನ್ಲಿ ಬುಡು. ಅವ್ಳಿಗೆ ಇಪ್ಪತ್ತೆರಡು. ನಾಳೆ ಮಗೀಗೆ ಹೆಸ್ರಿಡ್ಬೇಕು, ನಾಲ್ಕು ಜನದ ಮುಂದೆ ಆರತಿ ಎತ್ಬೇಕು. ನಂಗೇನು ಇನ್ನೊಂದು ಮದ್ವೆ ಆಗ್ಬೇಕಾಗೈತಾ?"

ಹಿಂದೆ ನಿಂತಿದ್ದ ಹುಡುಗಿ ಬಾಯಿಗೆ ಸೆರಗು ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ, ನನ್ನ ಕಣ್ಣೇ ಮಂಜಾಗಿತ್ತು. ಗೆಳೆಯ ಓಡಿಹೋಗಿ ಅಂಗಡಿಯಿಂದ ಒಂದು ಖಾಲಿ ಕಾರ್ಡು ತಂದ.

"ಒಕ್ಕಣೆ ಹೆಂಗಿರ್ಲಿ ಅಮ್ಮ?" ಎಂದು ಕೇಳಿದೆ. ಆ ಆರು ತಿಂಗಳಲ್ಲಿ ನಾನು ಹಾಗೆ ಕೇಳಿದ್ದು ಅದೇ ಮೊದಲು.

ಅವರು ಬೆಂಚಿನ ಮೇಲೆ 'ಉಸ್ಸಪ್ಪಾ' ಎಂದು ಕೂತು, ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಳನ್ನೇ ನೋಡುತ್ತ, ಯೋಚಿಸಿ ಯೋಚಿಸಿ ಒಂದೊಂದೇ ಮಾತು ಹೇಳಿದರು. ನಾನು ಬರೆದುಕೊಳ್ಳುತ್ತ ಹೋದೆ.

"ಮಾತ್ರೆ ತಪ್ಪಿಸಬಾರದು ಅಂತ ಬರಿ. ಭಾರ ಎತ್ತಬಾರದು, ನೀರು ಸೇದಬಾರದು, ಒಲೆ ಮುಂದೆ ಕೂರಬಾರದು ಅಂತ ಬರಿ. ಸೊಸೆ ಜೊತೇಲೇ ಇರಬೇಕು, ಒಬ್ಬರನ್ನ ಬಿಟ್ಟು ಒಬ್ಬರು ಎಲ್ಲೂ ಹೋಗಬಾರದು ಅಂತ ಬರಿ. ದಪ್ಪಗೆ ಬರಿಯಮ್ಮ, ಅಂಚೆಯವ್ನು ಜೋರಾಗಿ ಓದ್ಬೇಕು."